ಒಂಬತ್ತು ಅಂಕಿ, ಇಪ್ಪತ್ತು ನಿಮಿಷ: ಅಂಧೇರಿ ಮೆಟ್ರೋದಲ್ಲಿ ನಾನು ಕಲಿತ ಅಭ್ಯಾಸ

ಹೋದ ವಾರದ ಮಾತಿನಲ್ಲಿ ನಾನು ಸುಮ್ಮನೆ ಒಂದು ಮಾತು ಹೇಳಿದ್ದೆ, "ಆನ್‌ಕಾಲ್ ಇದ್ದಾಗ ತಲೆ ಕೆಟ್ಟರೆ ಸುಡೊಕು ಮಾಡ್ತೀನಿ" ಅಂತ. ಅದಕ್ಕೆ ಇಷ್ಟೊಂದು ಜನ ಕೇಳ್ತೀರಾ ಅಂತ ಅಂದ್ಕೊಂಡಿರಲಿಲ್ಲ. "ಹೇಗೆ ಶುರು ಮಾಡೋದು?", "ನಂಗೆ ಮ್ಯಾಥ್ಸ್ ಬರಲ್ಲ, ಆಗುತ್ತಾ?", "ಇದರಿಂದ ನಿಜವಾಗ್ಲೂ ಟೆನ್ಷನ್ ಕಡಿಮೆ ಆಗುತ್ತಾ?" ಇವೇ ಮೂರು ಪ್ರಶ್ನೆ ಮತ್ತೆ ಮತ್ತೆ ಬಂದವು. ಇವತ್ತು ಮೂರಕ್ಕೂ ಉತ್ತರ ಹೇಳ್ತೀನಿ. ಇದರಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪೂ ಇದೆ. ಅದನ್ನೂ ಮುಚ್ಚಿಡದೆ ಹೇಳ್ತೀನಿ.

ಮೊದಲು ನನ್ನ ಪರಿಸ್ಥಿತಿ. ಊರು ಅರಸೀಕೆರೆ. ಎಂಟೆಕ್ ಮುಗಿಸಿ ಕೆಲಸಕ್ಕೆ ಮುಂಬೈಗೆ ಬಂದೆ. ಮನೆ ಅಂಧೇರಿ ವೆಸ್ಟ್‌ನ ಡಿ.ಎನ್. ನಗರದಲ್ಲಿ, ಆಫೀಸು ಘಾಟ್ಕೋಪರ್ ಕಡೆ. ಎರಡು ವರ್ಷದ ಹಿಂದೆ ನಮ್ಮ ಟೀಮಿನಲ್ಲಿ ಇಬ್ಬರು ಬಿಟ್ಟು ಹೋದರು. ನಾಲ್ಕು ವಾರಕ್ಕೊಮ್ಮೆ ಬರ್ತಿದ್ದ ಆನ್‌ಕಾಲ್ ಎರಡು ವಾರಕ್ಕೊಮ್ಮೆ ಬರೋಕೆ ಶುರುವಾಯ್ತು. ರಾತ್ರಿ ಎರಡೂವರೆಗೆ ಫೋನ್ ಕಿರುಚುತ್ತೆ, ಎದ್ದು ಲ್ಯಾಪ್‌ಟಾಪ್ ತೆಗೀತೀನಿ, ನಾಲ್ಕಕ್ಕೆ ಸರಿ ಹೋಗುತ್ತೆ. ಆಮೇಲೆ ನಿದ್ದೆ ಇಲ್ಲ. ಸ್ವಲ್ಪ ದಿನಕ್ಕೆ ಫೋನ್ ಬರದ ರಾತ್ರಿಗಳಲ್ಲೂ ಎರಡೂವರೆಗೆ ಎಚ್ಚರ ಆಗೋಕೆ ಶುರುವಾಯ್ತು. ಇದು ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರೋ ಕಥೆನೇ.

ಆ ದಿನಗಳಲ್ಲಿ ಮೆಟ್ರೋದಲ್ಲಿ ಒಬ್ಬ ಹಿರಿಯರನ್ನು ನೋಡ್ತಿದ್ದೆ. ವರ್ಸೋವಾ-ಘಾಟ್ಕೋಪರ್ ಲೈನು ಬೆಳಗ್ಗೆ ಹೇಗಿರುತ್ತೆ ಗೊತ್ತಲ್ಲ, ಕೈ ಎತ್ತಿದರೆ ಇಳಿಸೋಕೆ ಜಾಗ ಇರಲ್ಲ. ಅವರು ಮಾತ್ರ ಬಾಗಿಲ ಪಕ್ಕದ ಮೂಲೆಗೆ ಒರಗಿ, ಪೇಪರನ್ನು ನಾಲ್ಕಾಗಿ ಮಡಚಿ, ಪೆನ್ನಲ್ಲಿ ಸುಡೊಕು ತುಂಬ್ತಿದ್ದರು. ಪೆನ್ಸಿಲ್ ಅಲ್ಲ, ಪೆನ್ನು! ಒಂದು ಸಲವೂ ಹೊಡೆದು ಹಾಕಿದ್ದು ಕಾಣಲಿಲ್ಲ. ಸುತ್ತ ಗಲಾಟೆ, ಆ ಮನುಷ್ಯ ಆರಾಮ. ಇದೇನೋ ನೋಡೋಣ ಅಂತ ಅವತ್ತು ಸಂಜೆ ನಾನೂ ಒಂದು ಪುಸ್ತಕ ತಗೊಂಡೆ.

ಹೆಸರು ಜಪಾನಿ, ಹುಟ್ಟಿದ್ದು ಅಮೆರಿಕದಲ್ಲಿ

ಸುಡೊಕು ಅಂದ್ರೆ ಜಪಾನಿನ ಪುರಾತನ ಆಟ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಹಾಗಲ್ಲ. ಈಗಿನ ರೂಪದ ಸುಡೊಕು ಮೊದಲು ಬಂದದ್ದು 1979ರಲ್ಲಿ, ಅಮೆರಿಕದ ಡೆಲ್ ಅನ್ನೋ ಪಜಲ್ ಪತ್ರಿಕೆಯಲ್ಲಿ, 'ನಂಬರ್ ಪ್ಲೇಸ್' ಅನ್ನೋ ಹೆಸರಲ್ಲಿ. ಮಾಡಿದವರು ಹೊವಾರ್ಡ್ ಗಾರ್ನ್ಸ್, ಇಂಡಿಯಾನಾದ ಒಬ್ಬ ಆರ್ಕಿಟೆಕ್ಟ್. 1984ರಲ್ಲಿ ಜಪಾನಿನ ನಿಕೋಲಿ ಪ್ರಕಾಶನದ ಮಾಕಿ ಕಾಜಿ ಅದಕ್ಕೆ ಹೊಸ ಹೆಸರಿಟ್ಟರು. ಆ ಉದ್ದನೆಯ ಜಪಾನಿ ಹೆಸರಿನ ಅರ್ಥ ಹೆಚ್ಚುಕಮ್ಮಿ 'ಅಂಕಿಗಳು ಬ್ರಹ್ಮಚಾರಿಗಳಾಗಿಯೇ ಇರಬೇಕು' ಅಂತ. ಅದು ಚಿಕ್ಕದಾಗಿ ಸುಡೊಕು ಆಯ್ತು. ಮುಂಬೈನಲ್ಲಿ ಪಿಜಿ ರೂಮಿನಲ್ಲಿರೋ ನಮ್ಮ ಹುಡುಗರಿಗೆ ಹೇಳಿ ಮಾಡಿಸಿದ ಹೆಸರು.

ಹಾಂಗ್‌ಕಾಂಗ್‌ನಲ್ಲಿ ಜಡ್ಜ್ ಆಗಿ ನಿವೃತ್ತರಾದ ನ್ಯೂಜಿಲೆಂಡಿನ ವೇಯ್ನ್ ಗೌಲ್ಡ್ ಇದನ್ನು ತಯಾರಿಸೋಕೆ ಒಂದು ಕಂಪ್ಯೂಟರ್ ಪ್ರೋಗ್ರಾಂ ಬರೆದರು. 2004ರ ನವೆಂಬರ್‌ನಲ್ಲಿ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆ ಅವರ ಸುಡೊಕು ಹಾಕೋಕೆ ಶುರು ಮಾಡಿತು. ಅಲ್ಲಿಂದ ಮುಂದೆ ಜಗತ್ತಿನ ಪೇಪರುಗಳೆಲ್ಲ ಹಿಡಿದುಕೊಂಡವು. 2017ರಲ್ಲಂತೂ ವಿಶ್ವ ಸುಡೊಕು ಚಾಂಪಿಯನ್‌ಶಿಪ್ ನಮ್ಮ ಬೆಂಗಳೂರಲ್ಲೇ ನಡೀತು.

ಮ್ಯಾಥ್ಸ್ ಬೇಕಾ? ಬೇಡ. ಒಂದು ಚಿಕ್ಕದು ಬಿಡಿಸೋಣ

ಸುಡೊಕುನಲ್ಲಿ ಕೂಡೋದು ಕಳೆಯೋದು ಏನೂ ಇಲ್ಲ. ಅಂಕಿಯ ಬದಲು ಒಂಬತ್ತು ಹಣ್ಣಿನ ಚಿತ್ರ ಹಾಕಿದರೂ ಆಟ ಅದೇ. ನಿಯಮ ಒಂದೇ: ಪ್ರತಿ ಅಡ್ಡಸಾಲು, ಪ್ರತಿ ಉದ್ದಸಾಲು, ಪ್ರತಿ ಚಿಕ್ಕ ಚೌಕದಲ್ಲಿ ಪ್ರತಿ ಅಂಕಿ ಒಂದೇ ಸಲ ಬರಬೇಕು. ನಾವು ಚೌಕಾಬಾರ ಆಡುವಾಗ 'ಮನೆ' ಅಂತೀವಲ್ಲ, ಇಲ್ಲೂ ಹಾಗೇ ಹೇಳ್ತೀನಿ. ಒಂದು ಪೇಪರ್ ತಗೊಂಡು ಈ 4×4 ಬರೆದುಕೊಳ್ಳಿ. ಗೆರೆ ಇರೋದು ಖಾಲಿ ಮನೆ.

1 _ _ 4
_ _ 1 _
_ 1 _ 3
4 _ _ _

ಇಲ್ಲಿ 1ರಿಂದ 4ರವರೆಗಿನ ಅಂಕಿ. 2×2ರ ನಾಲ್ಕು ಚಿಕ್ಕ ಚೌಕ. ಎಲ್ಲಿಂದ ಶುರು ಮಾಡ್ತೀರಾ?

ಹೊಸಬರು ಸಾಮಾನ್ಯವಾಗಿ ಖಾಲಿ ಮನೆ ನೋಡಿ "ಈ ಮನೆಗೆ ಯಾವ ಅಂಕಿ?" ಅಂತ ಕೇಳ್ತಾರೆ. ಅದನ್ನೇ ತಿರುಗಿಸಿ ಕೇಳಿ: "ಈ ಅಂಕಿಗೆ ಯಾವ ಮನೆ?" 1 ತಗೊಳ್ಳಿ. ಮೊದಲನೇ, ಎರಡನೇ, ಮೂರನೇ ಅಡ್ಡಸಾಲಿನಲ್ಲಿ 1 ಆಗಲೇ ಇದೆ. ನಾಲ್ಕನೇ ಸಾಲಿಗೆ ಮಾತ್ರ ಬಾಕಿ. ಉದ್ದಸಾಲು ನೋಡಿ: ಒಂದು, ಎರಡು, ಮೂರರಲ್ಲಿ 1 ಇದೆ. ಹಾಗಾದ್ರೆ ಉಳಿದಿದ್ದು ನಾಲ್ಕನೇ ಸಾಲಿನ ಕೊನೇ ಮನೆ. ಅಲ್ಲಿ 1 ಬರೀರಿ, ಪೆನ್ನಲ್ಲೇ.

ಈಗ 4. ಎರಡನೇ ಅಡ್ಡಸಾಲಿನಲ್ಲಿ 4 ಎಲ್ಲಿ? ಮೊದಲನೇ ಮನೆ ಆಗಲ್ಲ, ಆ ಉದ್ದಸಾಲಿನ ಕೆಳಗೆ 4 ಇದೆ. ಕೊನೇ ಮನೆ ಆಗಲ್ಲ, ಅದರ ಮೇಲೇ 4 ಇದೆ. ಮೂರನೇ ಮನೆಯಲ್ಲಿ 1 ಕೂತಿದೆ. ಉಳಿದಿದ್ದು ಎರಡನೇ ಮನೆ. ಹಾಗೇ ಮೂರನೇ ಅಡ್ಡಸಾಲಿನ 4 ಮೂರನೇ ಮನೆಗೆ ಹೋಗುತ್ತೆ.

ಈಗ ಮೂರನೇ ಸಾಲು ನೋಡಿ: ಖಾಲಿ, 1, 4, 3. ಖಾಲಿ ಮನೆಗೆ 2 ಬಿಟ್ಟು ಬೇರೆ ದಾರಿ ಇಲ್ಲ. ಮೊದಲನೇ ಉದ್ದಸಾಲು 1, ಖಾಲಿ, 2, 4. ಅಲ್ಲಿ 3. ಎರಡನೇ ಸಾಲು ಈಗ 3, 4, 1, ಖಾಲಿ. ಅಲ್ಲಿ 2. ಮೇಲಿನ ಎಡ ಚೌಕದಲ್ಲಿ 1, 3, 4 ಇವೆ, ಉಳಿದ ಮನೆಗೆ 2. ಅದರ ಪಕ್ಕದಲ್ಲಿ 3. ಕೊನೇ ಸಾಲು 4, 3, 2, 1. ಮುಗೀತು.

1 2 3 4
3 4 1 2
2 1 4 3
4 3 2 1

ಇಲ್ಲಿ ಒಂದು ವಿಷಯ ಗಮನಿಸಿ. ನಾನು ಕೊಟ್ಟಿದ್ದ ಆರು ಸುಳಿವಿನಲ್ಲಿ ಆ 3 ಒಂದನ್ನು ಅಳಿಸಿ ನೋಡಿ. ಆಗ 1 ಮತ್ತು 4 ಎಲ್ಲ ತುಂಬುತ್ತೆ, ಆದರೆ 2 ಮತ್ತು 3ನ್ನು ಅದಲು ಬದಲು ಮಾಡಿದರೂ ಉತ್ತರ ಸರಿಯಾಗೇ ಇರುತ್ತೆ. ಅಂದ್ರೆ ಎರಡು ಉತ್ತರ. ಒಳ್ಳೆಯ ಪಜಲ್ ಅಂದ್ರೆ ಒಂದೇ ಉತ್ತರ ಇರಬೇಕು, ಅಷ್ಟು ಸುಳಿವು ಇರಲೇಬೇಕು. ದೊಡ್ಡ 9×9ರಲ್ಲಿ ಪೂರ್ತಿ ತುಂಬಿದ ಸುಡೊಕುಗಳು ಒಟ್ಟು 6,670,903,752,021,072,936,960 ಇವೆ ಅಂತ 2005ರಲ್ಲಿ ಲೆಕ್ಕ ಹಾಕಿದರು. ಅದರಲ್ಲಿ ಒಂದೇ ಒಂದನ್ನು ಗುರುತು ಹಿಡಿಯೋಕೆ ಕನಿಷ್ಠ ಎಷ್ಟು ಸುಳಿವು ಬೇಕು? 17. ಅದಕ್ಕಿಂತ ಕಡಿಮೆ ಆದರೆ ಸಾಧ್ಯವೇ ಇಲ್ಲ ಅಂತ 2012ರಲ್ಲಿ ಡಬ್ಲಿನ್ನಿನ ಗ್ಯಾರಿ ಮೆಕ್‌ಗೈರ್ ತಂಡ ಕಂಪ್ಯೂಟರಿನಲ್ಲಿ ಹುಡುಕಿ ತೋರಿಸಿತು.

ಮನಸ್ಸು ಯಾಕೆ ತಣ್ಣಗಾಗುತ್ತೆ?

ನಾನು ಡಾಕ್ಟರ್ ಅಲ್ಲ, ಇಂಜಿನಿಯರ್. ನನಗೆ ಕಂಡಷ್ಟು ಹೇಳ್ತೀನಿ.

ರಾತ್ರಿ ಎರಡೂವರೆಯ ಸಮಸ್ಯೆ ಹೇಗಿರುತ್ತೆ? ಮಾಹಿತಿ ಅರ್ಧಂಬರ್ಧ. ಲಾಗ್ ಇರಲ್ಲ, ಅದನ್ನು ಬರೆದವನು ಕೆಲಸ ಬಿಟ್ಟು ಹೋಗಿರ್ತಾನೆ. ಒಂದು ಸರಿ ಮಾಡಿದರೆ ಇನ್ನೊಂದು ಕೆಡುತ್ತೆ. ಮುಗೀತಾ ಇಲ್ವಾ ಅಂತಾನೂ ಗ್ಯಾರಂಟಿ ಇಲ್ಲ. ಈ ಪಜಲ್‌ನಲ್ಲಿ ಮೂರೂ ಉಲ್ಟಾ. ಬೇಕಾದ ಮಾಹಿತಿಯೆಲ್ಲ ಆ ಕಾಗದದ ಮೇಲೇ ಇದೆ, ಯಾರನ್ನೂ ಕೇಳಬೇಕಾಗಿಲ್ಲ. ಕಾರಣ ಗೊತ್ತಿದ್ದು ಬರೆದ ಅಂಕಿಯನ್ನು ಮತ್ತೆ ಅಳಿಸಬೇಕಾಗಿಲ್ಲ, ಒಂದೊಂದು ಹೆಜ್ಜೆಯೂ ಮುಂದಕ್ಕೇ. ಕೊನೆಗೆ ಮುಗಿಯುತ್ತೆ, ಮುಗೀತು ಅಂತ ನಿಮಗೇ ಗೊತ್ತಾಗುತ್ತೆ. ದಿನವಿಡೀ ಯಾವುದೂ ಮುಗಿಯದೆ ಇರೋ ಕೆಲಸ ಮಾಡೋರಿಗೆ ಈ 'ಮುಗೀತು' ಅನ್ನೋದು ಸಣ್ಣ ವಿಷಯ ಅಲ್ಲ.

ಇನ್ನೊಂದು ಇದೆ. ಚಿಂತೆ ಅನ್ನೋದು ಮಾತಿನ ರೂಪದಲ್ಲಿ ಬರುತ್ತೆ, "ಹಾಗಾದ್ರೆ ಏನು, ಹೀಗಾದ್ರೆ ಏನು" ಅಂತ. "7 ಈ ಸಾಲಿನಲ್ಲಿ ಎಲ್ಲಿ?" ಅಂತ ಹುಡುಕುವಾಗ ತಲೆಯಲ್ಲಿ ಅದೇ ಜಾಗವನ್ನು 7 ಹಿಡಿದುಕೊಳ್ಳುತ್ತೆ. ಎರಡೂ ಒಟ್ಟಿಗೆ ನಡೆಯೋದು ಕಷ್ಟ. ತುಂಬಾ ಸುಲಭದ ಪಜಲ್ ಆದರೆ ಕೈ ತುಂಬ್ತಾ ಇರುತ್ತೆ, ತಲೆ ಆಫೀಸಿಗೆ ಹೋಗುತ್ತೆ. ತುಂಬಾ ಕಷ್ಟ ಆದರೆ ಅದೇ ಒಂದು ಟೆನ್ಷನ್. ಹದಿನೈದು ಇಪ್ಪತ್ತು ನಿಮಿಷಕ್ಕೆ ಮುಗಿಯೋ ಮಟ್ಟ ಹಿಡಿದುಕೊಳ್ಳಿ.

ಇದರಿಂದ ಬುದ್ಧಿ ಚುರುಕಾಗುತ್ತೆ, ಮರೆವು ಬರಲ್ಲ ಅಂತೆಲ್ಲ ನಾನು ಹೇಳಲ್ಲ. ಮೆದುಳಿನ ವ್ಯಾಯಾಮದ ಒಂದು ಆ್ಯಪ್ ಕಂಪನಿ ಆಧಾರ ಇಲ್ಲದೆ ಹಾಗೆ ಜಾಹೀರಾತು ಕೊಟ್ಟಿದ್ದಕ್ಕೆ 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ 20 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಳ್ಳಬೇಕಾಯ್ತು. ಸುಡೊಕು ಮಾಡಿ ಮಾಡಿ ಸುಡೊಕು ಚೆನ್ನಾಗಿ ಬರುತ್ತೆ. ಅದರ ಜೊತೆಗೆ ಇಪ್ಪತ್ತು ನಿಮಿಷ ನೆಮ್ಮದಿ. ನನಗೆ ಅಷ್ಟು ಸಾಕು.

ನಮ್ಮ ಲೈನಿನ ಕೊನೇ ಸ್ಟೇಷನ್ನಿನ ಮೇಷ್ಟ್ರು

ಮುಂಬೈನಲ್ಲಿ ಕೂತು ಅಂಕಿ ಆಟದ ಬಗ್ಗೆ ಮಾತಾಡಿ ಕಾಪ್ರೇಕರ್ ಹೆಸರು ಹೇಳದಿದ್ದರೆ ತಪ್ಪಾಗುತ್ತೆ. ಅಂಧೇರಿ ಸ್ಟೇಷನ್ನಿನ ಬೋರ್ಡಿನಲ್ಲಿ 'ಡಹಾಣು ರೋಡ್' ಅಂತ ಲೋಕಲ್ ಬರುತ್ತಲ್ಲ, ವೆಸ್ಟರ್ನ್ ಲೈನಿನ ಉತ್ತರದ ತುದಿ. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ 1905ರಲ್ಲಿ ಹುಟ್ಟಿದ್ದು ಆ ಡಹಾಣುವಿನಲ್ಲಿ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, 1930ರಿಂದ 1962ರವರೆಗೆ ನಾಸಿಕ್ ಪಕ್ಕದ ದೇವಲಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದರು. ಪಿಎಚ್‌ಡಿ ಇಲ್ಲ, ಯೂನಿವರ್ಸಿಟಿ ಕೆಲಸ ಇಲ್ಲ. ಬಿಡುವಿನಲ್ಲಿ ಅಂಕಿಗಳ ಜೊತೆ ಆಡ್ತಾ ಇದ್ದರು, ಅಷ್ಟೇ. ದೊಡ್ಡ ಗಣಿತಜ್ಞರು ಇದೆಲ್ಲ ಆಟ ಅಂತ ಲೆಕ್ಕಕ್ಕೇ ತಗೊಳ್ಳಲಿಲ್ಲ. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ 'ಸೈಂಟಿಫಿಕ್ ಅಮೆರಿಕನ್'ನಲ್ಲಿ ಬರೆದ ಮೇಲೆ ಜಗತ್ತಿಗೆಲ್ಲ ಹೆಸರು ಗೊತ್ತಾಯ್ತು.

ಅವರ ಆಟ ಆಟೋ ಸಿಗ್ನಲ್‌ನಲ್ಲಿ ನಿಂತಾಗ ಆಡಬಹುದು. ನಿಮ್ಮ ಮುಂದೆ ಎಂಎಚ್ 02 ನಂಬರಿನ ಗಾಡಿ ಇದೆ, ಕೊನೇ ನಾಲ್ಕು ಅಂಕಿ 4708 ಅಂದ್ಕೊಳ್ಳಿ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ: 8740. ಚಿಕ್ಕದರಿಂದ ದೊಡ್ಡದಕ್ಕೆ: 0478. ಕಳೆಯಿರಿ: 8262. ಮತ್ತೆ ಅದನ್ನೇ ಮಾಡಿ.

8622 − 2268 = 6354
6543 − 3456 = 3087
8730 − 0378 = 8352
8532 − 2358 = 6174

ಈಗ 6174ಕ್ಕೇ ಮಾಡಿ ನೋಡಿ: 7641 − 1467 = 6174. ಅಲ್ಲೇ ನಿಂತುಬಿಡುತ್ತೆ. 1111, 7777 ಹಾಗೆ ನಾಲ್ಕೂ ಒಂದೇ ಇರೋ ನಂಬರ್ ಬಿಟ್ಟು ಯಾವುದೇ ನಾಲ್ಕಂಕಿ ತಗೊಳ್ಳಿ, ಏಳು ಹೆಜ್ಜೆಯೊಳಗೆ 6174ಕ್ಕೆ ಬಂದೇ ಬರುತ್ತೆ. ಸೊನ್ನೆ ಬಂದರೆ ಬಿಡಬಾರದು, ಅದನ್ನೂ ಒಂದು ಅಂಕಿಯಾಗಿ ಇಟ್ಟುಕೊಳ್ಳಬೇಕು.

ಯಾಕೆ ಹೀಗೆ? ನಾಲ್ಕು ಅಂಕಿಯನ್ನು ಇಳಿಕೆ ಕ್ರಮದಲ್ಲಿ ಜೋಡಿಸಿದಾಗ, ಮೊದಲನೆಯದಕ್ಕೂ ಕೊನೆಯದಕ್ಕೂ ಇರೋ ವ್ಯತ್ಯಾಸವನ್ನು 999ರಿಂದ ಗುಣಿಸಿ, ಮಧ್ಯದ ಎರಡರ ವ್ಯತ್ಯಾಸವನ್ನು 90ರಿಂದ ಗುಣಿಸಿ, ಎರಡನ್ನೂ ಕೂಡಿದರೆ ಬರೋದೇ ಆ ಉತ್ತರ. ಮೊದಲ ವ್ಯತ್ಯಾಸ 1ರಿಂದ 9ರವರೆಗೆ ಇರಬಹುದು, ಮಧ್ಯದ ವ್ಯತ್ಯಾಸ 0ಯಿಂದ ಹಿಡಿದು ಮೊದಲನೆಯದರಷ್ಟೇ ಇರಬಹುದು. ಎಲ್ಲ ಸಾಧ್ಯತೆ ಕೂಡಿದರೆ 54. ಅಂದ್ರೆ ನೀವು 9,990 ನಂಬರುಗಳಲ್ಲಿ ಯಾವುದರಿಂದ ಶುರು ಮಾಡಿದರೂ ಒಂದೇ ಹೆಜ್ಜೆಗೆ 54 ನಂಬರುಗಳ ಒಳಗೆ ಬಂದು ಬೀಳ್ತೀರಿ. ಆ 54ನ್ನೂ ಒಂದೊಂದಾಗಿ ಕೈಯಲ್ಲೇ ನೋಡಬಹುದು, ಎಲ್ಲವೂ 6174ಕ್ಕೆ ಹೋಗುತ್ತೆ. ಒಂದು ಭಾನುವಾರ ಕೂತು ನಾನು ಮಾಡಿದೆ. ಕೋಡ್ ಬರೆದರೆ ಹತ್ತು ಸಾಲು ಸಾಕು, ಬರೀಲಿಲ್ಲ. ಕೈಯಲ್ಲಿ ಮಾಡೋದರಲ್ಲೇ ಸುಖ ಇತ್ತು.

ಇನ್ನೊಂದು ನಮ್ಮ ಕಡೆಯ ಸಂಬಂಧ ಕೇಳಿ. ಕಾಪ್ರೇಕರ್ 'ಡೆಮ್ಲೊ ಸಂಖ್ಯೆ'ಗಳು ಅಂತ ಹೆಸರಿಟ್ಟರು. ಆಗಿನ ಜಿ.ಐ.ಪಿ. ರೈಲ್ವೆಯ ಡೊಂಬಿವಲಿ ಸ್ಟೇಷನ್ನಿನಲ್ಲಿ ಅವರಿಗೆ ಅದು ಹೊಳೆಯಿತಂತೆ, ಅದಕ್ಕೇ ಆ ಹೆಸರು. 121, 12321, 1234321 ಇವೆಲ್ಲ ಆ ಜಾತಿಗೆ ಸೇರಿದವು. 11ನ್ನು 11ರಿಂದ, 111ನ್ನು 111ರಿಂದ, 1111ನ್ನು 1111ರಿಂದ ಗುಣಿಸಿದರೆ ಬರುತ್ತೆ. ಆದರೆ ಇದೇ ಸಾಲಿನ 12345654321 ಅನ್ನೋ ಸಂಖ್ಯೆಯನ್ನು ಒಂಬತ್ತನೇ ಶತಮಾನದಲ್ಲೇ ಮಹಾವೀರಾಚಾರ್ಯರು ತಮ್ಮ 'ಗಣಿತಸಾರ ಸಂಗ್ರಹ'ದಲ್ಲಿ ಹೇಳಿದ್ದಾರೆ, ಒಂದರಿಂದ ಆರರವರೆಗೆ ಏರಿ ಮತ್ತೆ ಇಳಿಯೋ ಸಂಖ್ಯೆ ಅಂತ. ಅವರು ಯಾರ ಕಾಲದವರು? ನಮ್ಮ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದವರು. ಮಾನ್ಯಖೇಟದ ಕಡೆಯ ಪಂಡಿತರು ನೋಡಿ ಖುಷಿಪಟ್ಟ ಅಂಕಿಯ ಹಾರವನ್ನೇ ಸಾವಿರ ವರ್ಷದ ಮೇಲೆ ಒಬ್ಬ ಮೇಷ್ಟ್ರು ಡೊಂಬಿವಲಿ ಪ್ಲಾಟ್‌ಫಾರಂ ಮೇಲೆ ನೋಡಿ ಖುಷಿಪಟ್ಟರು.

ನಾನು ಮಾಡಿದ ತಪ್ಪು

ಈಗ ಆ ವಿಷಯ. ಪುಸ್ತಕದಲ್ಲಿ ಶುರು ಮಾಡಿದವನು ಮೂರು ತಿಂಗಳಲ್ಲಿ ಆ್ಯಪ್‌ಗೆ ಹೋದೆ. ಆ್ಯಪ್‌ನಲ್ಲಿ ಟೈಮರ್ ಇತ್ತು, ರ‍್ಯಾಂಕ್ ಇತ್ತು, ದಿನಾ ತಪ್ಪದೆ ಆಡಿದರೆ ಲೆಕ್ಕ ಇಡೋ ಸ್ಟ್ರೀಕ್ ಇತ್ತು. ನಮ್ಮ ಜಾತಿಗೆ ಡ್ಯಾಶ್‌ಬೋರ್ಡ್ ತೋರಿಸಿದರೆ ಸಾಕಲ್ಲ! ಆರು ನಿಮಿಷವನ್ನು ಐದಕ್ಕೆ ಇಳಿಸಬೇಕು, ಐದನ್ನು ನಾಲ್ಕೂವರೆಗೆ. ಕಾರಣ ಹುಡುಕೋದು ಬಿಟ್ಟು ಊಹೆ ಮಾಡಿ ತುಂಬೋಕೆ ಶುರು ಮಾಡಿದೆ. ನೆಮ್ಮದಿಗೆ ಅಂತ ಹಿಡಿದದ್ದು ಇನ್ನೊಂದು ಆಫೀಸ್ ಆಯ್ತು.

ಒಂದು ಶನಿವಾರ ರಾತ್ರಿ ಆನ್‌ಲೈನ್ ಸ್ಪರ್ಧೆ ಇತ್ತು. ಫೋನ್ ಸೈಲೆಂಟ್‌ಗೆ ಹಾಕಿ ಕೂತೆ. ಮುಗಿಸಿ ನೋಡಿದರೆ ಊರಿಂದ ಅಪ್ಪನ ನಾಲ್ಕು ಮಿಸ್ಡ್ ಕಾಲ್, ಪಕ್ಕದ ಮನೆಯವರದ್ದು ಎರಡು. ಅಪ್ಪನಿಗೆ ಎದೆನೋವು ಬಂದು, ಪಕ್ಕದ ಮನೆಯವರೇ ಕಾರಿನಲ್ಲಿ ಹಾಸನಕ್ಕೆ ಕರ‍್ಕೊಂಡು ಹೋಗಿದ್ದರು. ನಾನು ಫೋನ್ ಮಾಡುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಅಮ್ಮ ಇಲ್ಲದ ಮನೆ ಅದು, ನಾನೊಬ್ಬನೇ ಮಗ. ಒಂದು ಸ್ಟೆಂಟ್ ಹಾಕಿದರು, ಈಗ ಆರಾಮಾಗಿದ್ದಾರೆ. ನಾನು ಫೋನ್ ಎತ್ತಿದ್ದರೂ ಮುಂಬೈನಿಂದ ಏನೂ ಮಾಡೋಕೆ ಆಗ್ತಿರಲಿಲ್ಲ ಅಂತ ಎಲ್ಲರೂ ಸಮಾಧಾನ ಹೇಳಿದರು. ಆಸ್ಪತ್ರೆಯಲ್ಲಿ ಅಪ್ಪ ಕೇಳಿದ್ದು ಒಂದೇ ಮಾತು: "ಕೆಲಸ ಜಾಸ್ತಿ ಇತ್ತೇನೋ?" ಹೌದಪ್ಪ ಅಂದುಬಿಟ್ಟೆ. ಆ ಸುಳ್ಳು ಹೇಳಿದ್ದು ಇವತ್ತಿಗೂ ಚುಚ್ಚುತ್ತೆ.

ಆಮೇಲೆ ಯೋಚನೆ ಮಾಡಿದಾಗ ಇನ್ನೊಂದೂ ಗೊತ್ತಾಯ್ತು. ಅದಕ್ಕೆ ಮುಂಚಿನ ಕೆಲವು ತಿಂಗಳು ಅಪ್ಪನ ಫೋನ್ ಬಂದರೆ "ಊಟ ಆಯ್ತಾ, ಆಯ್ತು" ಅಂತ ಮುಗಿಸಿ ಪಜಲ್‌ಗೆ ವಾಪಸ್ ಹೋಗ್ತಿದ್ದೆ. ಒಂಟಿಯಾಗಿರೋ ಅಪ್ಪನನ್ನು ಏನು ಮಾಡೋದು ಅನ್ನೋ ಪ್ರಶ್ನೆಗೆ ಕಾಗದದ ಮೇಲೆ ಸುಳಿವು ಇರಲಿಲ್ಲ. ಉತ್ತರ ಇರೋ ಪ್ರಶ್ನೆಯ ಹಿಂದೆ ಹೋಗಿ ಅಡಗಿಕೊಳ್ತಿದ್ದೆ. ದಣಿವಾರಿಸಿಕೊಳ್ಳೋಕೆ ಪಜಲ್ ಒಳ್ಳೇದು, ಅಡಗಿಕೊಳ್ಳೋಕೆ ಅಲ್ಲ.

ಈಗಿನ ನಿಯಮಗಳು

ಆ್ಯಪ್ ತೆಗೆದುಹಾಕಿದೆ. ಕಾಗದ ಮತ್ತು ಪೆನ್ನು ಮಾತ್ರ. ಕಾರಣ ಬಾಯಲ್ಲಿ ಹೇಳೋಕೆ ಬಂದರೆ ಮಾತ್ರ ಅಂಕಿ ಬರೀಬೇಕು, ಊಹೆ ಇಲ್ಲ. ಗಡಿಯಾರ ನೋಡಲ್ಲ. ಡಿ.ಎನ್. ನಗರದಿಂದ ಘಾಟ್ಕೋಪರ್ ಬರುವಷ್ಟರಲ್ಲಿ ಮುಗಿದರೆ ಸರಿ, ಮುಗಿಯದಿದ್ದರೆ ಮಡಚಿ ಬ್ಯಾಗಿಗೆ. ಫೋನ್ ಸೈಲೆಂಟ್ ಇಲ್ಲ. ರಾತ್ರಿ ಎಚ್ಚರವಾದರೆ ಸ್ಕ್ರೀನ್ ಮುಟ್ಟದೆ, ಮಲಗಿದಲ್ಲೇ ಯಾವುದೋ ನಾಲ್ಕಂಕಿ ತಗೊಂಡು 6174ಕ್ಕೆ ಹೋಗ್ತೀನಿ. ಎಷ್ಟೋ ಸಲ ಮೂರನೇ ಹೆಜ್ಜೆಯಲ್ಲೇ ಲೆಕ್ಕ ತಪ್ಪಿ ನಿದ್ದೆ ಬಂದುಬಿಡುತ್ತೆ. ಆ ತಪ್ಪನ್ನು ಸರಿ ಮಾಡೋಕೆ ಹೋಗಲ್ಲ. ಸುಡೊಕು ಬೇಜಾರಾದರೆ ಕಕುರೊ ಇದೆ, ಕೆನ್‌ಕೆನ್ ಇದೆ. ಕೆನ್‌ಕೆನ್ ಮಾಡಿದವರು ಜಪಾನಿನ ಒಬ್ಬ ಮೇಷ್ಟ್ರು, ತೆತ್ಸುಯಾ ಮಿಯಾಮೊತೊ, 2004ರಲ್ಲಿ. ಅದರಲ್ಲಿ ಸ್ವಲ್ಪ ಕೂಡೋದು ಕಳೆಯೋದೂ ಇದೆ, ಮಕ್ಕಳ ಜೊತೆ ಕೂತು ಮಾಡೋಕೆ ಚೆನ್ನ.

ಒಂದು ಮಾತು ಗಂಭೀರವಾಗಿ ಹೇಳ್ತೀನಿ. ವಾರಗಟ್ಟಲೆ ನಿದ್ದೆ ಬರ್ತಿಲ್ಲ, ಎದೆ ಡವಡವ ಅನ್ನುತ್ತೆ, ಯಾವುದರಲ್ಲೂ ಆಸಕ್ತಿ ಇಲ್ಲ ಅಂದ್ರೆ ಪಜಲ್ ಸಾಲಲ್ಲ. ಡಾಕ್ಟರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ಮುಂಬೈನಲ್ಲಿ ಕೂತು ಮರಾಠಿ ಹಿಂದಿಯಲ್ಲಿ ಮನಸ್ಸಿನ ಮಾತು ಹೇಳೋಕೆ ಬರದೆ ಸುಮ್ಮನಿರೋರಿಗೆ ಇದು ಗೊತ್ತಿರಲಿ.

ಅಪ್ಪನ ವಿಷಯ ಹೇಳಿ ಮುಗಿಸ್ತೀನಿ. ಸ್ಟೆಂಟ್ ಆದ ಮೇಲೆ ಒಂದು ತಿಂಗಳು ಊರಲ್ಲೇ ಇದ್ದು ಕೆಲಸ ಮಾಡಿದೆ. ಆಗ ಅವರಿಗೂ ಸುಡೊಕು ಹೇಳಿಕೊಟ್ಟೆ. ಅಪ್ಪ ಹಳೇ ಕಾಲದವರು, ಬಾಯಿಲೆಕ್ಕದಲ್ಲಿ ನನಗಿಂತ ಮುಂದೆ. ಬರುವಾಗ ಒಂದೇ ಪುಸ್ತಕದ ಎರಡು ಪ್ರತಿ ತಗೊಂಡೆ, ಒಂದು ಅರಸೀಕೆರೆಯಲ್ಲಿ, ಒಂದು ಅಂಧೇರಿಯಲ್ಲಿ. ದಿನಾ ಇಬ್ಬರೂ ಒಂದೇ ಪುಟ. ಈಗ ರಾತ್ರಿ ಒಂಬತ್ತಕ್ಕೆ ಫೋನ್ ಬಂದರೆ ಮೊದಲು ಊಟದ ಮಾತಿಲ್ಲ. "ಐದನೇ ಸಾಲಿನ 7 ಎಲ್ಲಿ ಹಾಕ್ದೆ ನೀನು?" ಅಂತ ಶುರು. ಅದಾದ ಮೇಲೆ ಬಿಪಿ, ಮಾತ್ರೆ, ತೋಟ, ಮನೆ ಮಾರೋದಾ ಬೇಡ್ವಾ, ಎಲ್ಲ ಬರುತ್ತೆ. ಆ ಪ್ರಶ್ನೆಗಳು ಇನ್ನೂ ಬಗೆಹರಿದಿಲ್ಲ. ಆದರೆ ಈಗ ಇಬ್ಬರೂ ಕೂತು ಮಾತಾಡ್ತೀವಿ.

ಹೋದ ವಾರ ಆ ಸುಳ್ಳಿನ ವಿಷಯವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆವತ್ತು ಗೆದ್ದೆಯಾ?" ಅಂತ ಕೇಳಿದರು. ಇಲ್ಲಪ್ಪ, ನಲವತ್ತೊಂದನೇ ಸ್ಥಾನ ಅಂದೆ. "ಅಷ್ಟಕ್ಕೇ ಫೋನ್ ಎತ್ತಲಿಲ್ವೇನೋ" ಅಂತ ನಕ್ಕರು.

ಮೇಲಿನ 4×4ನ್ನು ಇವತ್ತೇ ಬಿಡಿಸಿ. ಆಮೇಲೆ ನಿಮ್ಮ ಗಾಡಿ ನಂಬರು 6174ಕ್ಕೆ ಎಷ್ಟು ಹೆಜ್ಜೆಯಲ್ಲಿ ಹೋಗುತ್ತೆ ನೋಡಿ. ಮುಂದಿನ ವಾರ ಮತ್ತೆ ಸಿಗೋಣ, ನಮಸ್ಕಾರ.